ಮಗನ ಚಪ್ಪಟೆ ಪಾದಕ್ಕೆ ವಿಶೇಷ ಶೂ ಬೇಕಾ? ಅದಕ್ಕಿಂತ ಮೊದಲು ಅತ್ತೆಯವರ ಕಾಲು ತೋರಿಸಿ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಪಾದ ಪೂರ್ತಿ ಚಪ್ಪಟೆ, ನಿಂತರೆ ಕಾಲಿನ ಗಿಣ್ಣು ಒಳಕ್ಕೆ ವಾಲುತ್ತದೆ, ಶೂ ಒಳಬದಿಯೇ ಮೊದಲು ಸವೆಯುತ್ತದೆ. ನೋವು ಅಂತ ಅವನು ಯಾವತ್ತೂ ಹೇಳಿಲ್ಲ. ಒಂದು ಅಂಗಡಿಯಲ್ಲಿ ಪಾದ ಸ್ಕ್ಯಾನ್ ಮಾಡಿ, ಈಗಲೇ ಇನ್‌ಸೋಲ್ ಹಾಕಿಸದಿದ್ದರೆ ಮುಂದೆ ಮಂಡಿ, ಸೊಂಟ ಎಲ್ಲ ಹಾಳಾಗುತ್ತದೆ ಎಂದರು. ಮಿಲಿಟರಿಗೆ ತಗೊಳ್ಳಲ್ಲ ಅಂತ ಯಜಮಾನರಿಗೆ ಚಿಂತೆ. ನನ್ನ ಹೆಬ್ಬೆರಳಿನ ಬುಡವೂ ಉಬ್ಬಿ ಬೆರಳು ಓರೆಯಾಗಿದೆ. ಯಜಮಾನರ ಅಣ್ಣನಿಗೆ ಹುಟ್ಟಿನಿಂದಲೇ ಒಂದು ಪಾದ ಒಳಕ್ಕೆ ತಿರುಚಿದೆ. ಇದೆಲ್ಲ ಮನೆತನದ್ದೇ ಅಂತ ಅತ್ತೆ ಹೇಳುತ್ತಾರೆ, ಅವರ ಬಲಗಾಲೂ ಮೂರು ವಾರದಿಂದ ಊದಿಕೊಂಡು ಚಪ್ಪಟೆ ಆಗುತ್ತಿದೆ. ಅವರಿಗೆ 62 ವರ್ಷ, 15 ವರ್ಷದಿಂದ ಶುಗರ್. ಕಾಲು ಬೆಚ್ಚಗಿದೆ, ಆದರೆ ನೋವು ಅಷ್ಟಿಲ್ಲ. ಉಳುಕು ಇರಬೇಕು ಅಂತ ಎಣ್ಣೆ ತಿಕ್ಕಿಸುತ್ತಿದ್ದೇವೆ. ನಮಗೆ ಇನ್ನೊಂದು ಮಗು ಬೇಕು ಅಂತಿದೆ. ಏನು ಮಾಡಬೇಕು?

ಉತ್ತರ:

ನೀವು ನಾಲ್ಕು ಜನರ ಪಾದದ ಬಗ್ಗೆ ಬರೆದಿದ್ದೀರಿ. ಮಗನ ಬಗ್ಗೆ ಜಾಸ್ತಿ, ಅತ್ತೆಯವರ ಬಗ್ಗೆ ಕೊನೆಯಲ್ಲಿ ಒಂದಿಷ್ಟು. ನಾನು ಅತ್ತೆಯವರಿಂದಲೇ ಶುರು ಮಾಡುತ್ತೇನೆ. ಮಗನ ಪಾದ ವರ್ಷಗಟ್ಟಲೆ ಕಾಯಬಹುದು. ಅತ್ತೆಯವರ ಪಾದ ಒಂದು ವಾರವೂ ಕಾಯಬಾರದು.

ಎಣ್ಣೆ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಉಳುಕು ತೆಗೆಸಲು ಯಾರ ಹತ್ತಿರವೂ ಕರೆದುಕೊಂಡು ಹೋಗಬೇಡಿ, ಕಾಲು ಎಳೆಸಬೇಡಿ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸುವುದಂತೂ ಬೇಡವೇ ಬೇಡ. ಬಹಳ ವರ್ಷದ ಶುಗರ್‌ನಿಂದ ನರ ಮಂಕಾಗಿ ಸ್ಪರ್ಶ ಕಮ್ಮಿಯಾದ ಕಾಲಿಗೆ ನೀರು ಎಷ್ಟು ಬಿಸಿ ಇದೆ ಅಂತ ಗೊತ್ತಾಗುವುದಿಲ್ಲ, ಚರ್ಮ ಬೆಂದು ಬೊಬ್ಬೆ ಎದ್ದ ಮೇಲೇ ಮನೆಯವರಿಗೆ ತಿಳಿಯುವುದು. ಆ ಕಾಲಿನ ಮೇಲೆ ಭಾರ ಹಾಕದೆ ಕೂತಿರಲಿ, ಬಚ್ಚಲಿಗೆ ಹೋಗಬೇಕಾದರೆ ವಾಕರ್ ಹಿಡಿದು ಹೋಗಲಿ. ಬೆರಳಲ್ಲಿ ಕಾಲುಂಗುರ ಇದ್ದರೆ ತೆಗೆಯಿರಿ. ಮುತ್ತೈದೆ ಕಾಲುಂಗುರ ತೆಗೆಯಬಾರದು ಅಂತ ಅವರು ಹಟ ಹಿಡಿಯಬಹುದು, ಊತ ಇಳಿದ ಮೇಲೆ ಮತ್ತೆ ಹಾಕಿಕೊಳ್ಳೋಣ ಅಂತ ಸಮಾಧಾನ ಮಾಡಿ. ಊದಿದ ಬೆರಳಿಗೆ ಅದು ಬಿಗಿಯಾಗಿ ಕಚ್ಚಿಕೊಂಡರೆ ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ನಾಳೆಯೇ ಮೂಳೆ ಡಾಕ್ಟರಿಗೆ ಅಥವಾ ಶುಗರ್ ಕಾಲಿನ ಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ ಇದ್ದರೆ, ಅಥವಾ ಅಂಗಾಲಲ್ಲಿ ಬೆರಳ ಸಂದಿಯಲ್ಲಿ ಎಲ್ಲಾದರೂ ಗಾಯ ಇದ್ದರೆ ನಾಳೆಗೂ ಬಿಡಬೇಡಿ. ಡಾಕ್ಟರ ಹತ್ತಿರ ಸುಮ್ನೆ "ಕಾಲು ಊದಿದೆ" ಅಂತ ಹೇಳಿ ಬರಬೇಡಿ. ಶುಗರ್ ಎಷ್ಟು ವರ್ಷದಿಂದ ಇದೆ, ಊತ ಒಂದೇ ಕಾಲಿಗೆ, ಆ ಕಾಲು ಇನ್ನೊಂದಕ್ಕಿಂತ ಬೆಚ್ಚಗಿದೆ, ನೋವು ಕಡಿಮೆ, ಆಕಾರ ಬದಲಾಗುತ್ತಿದೆ ಅಂತ ಹೇಳಿ. "ಶಾರ್ಕೋ ಪಾದ ಇರಬಹುದಾ?" ಅಂತ ನೇರವಾಗಿ ಕೇಳಿ. ಕೀವು, ರಕ್ತನಾಳದಲ್ಲಿ ಹೆಪ್ಪು, ಗೌಟ್ ಎಂಬ ಕೀಲುರೋಗ, ಇವೂ ಹೀಗೇ ಕಾಣಬಹುದು, ಅದನ್ನೆಲ್ಲ ಅವರು ಪರೀಕ್ಷೆ ಮಾಡಿ ತಳ್ಳಿ ಹಾಕುತ್ತಾರೆ. ಆದರೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ಒಂದು ಪಾದ ಬೆಚ್ಚಗಾಗಿ, ಕೆಂಪಾಗಿ, ಊದಿ, ಅಷ್ಟೇನೂ ನೋಯದೆ ಇದ್ದರೆ, ಅಲ್ಲ ಅಂತ ಖಚಿತ ಆಗುವ ತನಕ ಅದನ್ನು ಶಾರ್ಕೋ ಅಂತಲೇ ನೋಡಬೇಕು.

ಹೆಸರು ಬಂದದ್ದು ಜೀನ್ ಮಾರ್ಟಿನ್ ಶಾರ್ಕೋ ಎಂಬ ಫ್ರೆಂಚ್ ವೈದ್ಯರಿಂದ. ನರ ಸತ್ತ ಕಾಲುಗಳಲ್ಲಿ ಕೀಲುಗಳು ಪುಡಿಪುಡಿಯಾಗುವುದನ್ನು ಅವರು 1868ರಲ್ಲಿ ವಿವರಿಸಿದರು. ಆಗ ಅದಕ್ಕೆ ಕಾರಣ ಸಿಫಿಲಿಸ್ ಆಗಿತ್ತು, ಈಗ ಹೆಚ್ಚಾಗಿ ಸಕ್ಕರೆ ಕಾಯಿಲೆ. ಆಗುವುದು ಇಷ್ಟು: ನರ ಮಂಕಾದ ಕಾಲಿಗೆ ಎಲ್ಲೋ ಸಣ್ಣ ಏಟು ಬೀಳುತ್ತದೆ, ಒಂದು ಮೂಳೆ ಕೂದಲೆಳೆಯಷ್ಟು ಬಿರಿಯುತ್ತದೆ. ನಮಗೆ ನಿಮಗೆ ಆಗಿದ್ದರೆ ಆ ನೋವಿಗೆ ಕುಂಟಿಕೊಂಡು ಮೂಲೆ ಹಿಡಿಯುತ್ತಿದ್ದೆವು. ಅವರಿಗೆ ನೋವಿಲ್ಲ, ಹಾಗಾಗಿ ಹಾಲು ತರುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ, ಅಡುಗೆಮನೆಯಲ್ಲಿ ನಿಂತೇ ಇರುತ್ತಾರೆ. ಬಿರುಕು ದೊಡ್ಡದಾಗುತ್ತದೆ. ಏಟಾದ ಜಾಗಕ್ಕೆ ರಕ್ತ ನುಗ್ಗುತ್ತದೆ, ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ, ಮೂಳೆ ಮೆತ್ತಗಾಗುತ್ತದೆ. ಮೆತ್ತಗಾದ ಮೂಳೆಗಳ ಮೇಲೆ ಮೈಭಾರವೆಲ್ಲ ಬಿದ್ದು ಪಾದದ ನಡುಭಾಗ ಕುಸಿಯುತ್ತದೆ. ಬರೀ ಚಪ್ಪಟೆ ಆಗಿ ನಿಲ್ಲುವುದಿಲ್ಲ, ಬಿಟ್ಟರೆ ಅಂಗಾಲಿನ ಕಮಾನು (ಒಳಬದಿಯಲ್ಲಿ ನೆಲಕ್ಕೆ ತಾಗದ ಬಾಗು) ತಿರುವುಮುರುವಾಗಿ ಅಂಗಾಲಿನ ಮಧ್ಯದಲ್ಲಿ ಮೂಳೆಯ ಗಂಟು ಕೆಳಕ್ಕೆ ಚಾಚುತ್ತದೆ. ಆ ಗಂಟಿನ ಮೇಲೆ ಹುಣ್ಣು, ಹುಣ್ಣಿಗೆ ಕೀವು, ಕೀವು ಮೂಳೆಗೆ ಇಳಿದರೆ ಕಾಲು ತೆಗೆಯುವ ಮಾತು.

ಮೊದಲ ವಾರಗಳಲ್ಲೇ ಹಿಡಿದರೆ ಇದನ್ನು ತಡೆಯಬಹುದು. ಪಾದದ ಆಕಾರಕ್ಕೆ ಸರಿಯಾಗಿ ಕೂರುವ ಪ್ಲಾಸ್ಟರ್ ಹಾಕಿ, ಆಗಾಗ ಬದಲಿಸುತ್ತಾ, ಊತ ಮತ್ತು ಬಿಸಿ ಪೂರ್ತಿ ಇಳಿಯುವ ತನಕ ಇಡುತ್ತಾರೆ. ಎರಡೂ ಪಾದಗಳ ಬಿಸಿಯನ್ನು ಅಳೆದು ನೋಡುತ್ತಾರೆ, 2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಳಗಿನ ಬೆಂಕಿ ಇನ್ನೂ ಆರಿಲ್ಲ ಅಂತ ಲೆಕ್ಕ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು, ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇನ್ನೊಂದು ಮಾತು, ಶುರುವಿನ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್, ಹೋಗಿ ಓಡಾಡಿ" ಅಂದರೆ ಒಪ್ಪಿಕೊಂಡು ಬರಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ. ವಾಸಿಯಾದ ಮೇಲೂ ಜೀವನಪೂರ್ತಿ ಎಂಸಿಆರ್ (ಮೆತ್ತನೆಯ ರಬ್ಬರ್ ಅಟ್ಟೆಯ) ಚಪ್ಪಲಿಯೋ ಅಳತೆಗೆ ಮಾಡಿಸಿದ ಶೂವೋ ಬೇಕು, ಮನೆ ಒಳಗೂ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು ಇನ್ನು ಬೇಡ, ಬೆಳಗಿನ ಹೊತ್ತು ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ ಬರಲಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಮಗನ ವಿಷಯ. ಅಜ್ಜಿಯದೂ ಚಪ್ಪಟೆ, ಮೊಮ್ಮಗನದೂ ಚಪ್ಪಟೆ, ಹಾಗಾದರೆ ಎರಡೂ ಒಂದೇ ಅಲ್ವಾ ಅಂತ ಅನಿಸುವುದು ಸಹಜ. ಯಾಕೆ ಅಲ್ಲ ಅಂತ ತಿಳಿಯಲು ಮೂಳೆಗಳು ಹೇಗೆ ಕೂತಿವೆ ಅಂತ ಸ್ವಲ್ಪ ನೋಡಬೇಕು.

ಒಂದು ಪಾದದಲ್ಲಿ 26 ಮೂಳೆ. ಹಿಂದೆ ಮತ್ತು ನಡುವೆ ಸೇರಿ 7, ಅಂಗಾಲಿನ ಉದ್ದಕ್ಕೆ 5, ಬೆರಳುಗಳಲ್ಲಿ 14. ಹೆಬ್ಬೆರಳಿನ ಬುಡದ ಕೆಳಗೆ ಕಾಳಿನಂಥ ಎರಡು ಪುಟ್ಟ ಮೂಳೆಗಳು ಬೇರೆ ಇವೆ. ಇಷ್ಟರಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಹೆಸರು ಒಂದೇ, ಟೇಲಸ್. ಮೊಣಕಾಲಿನಿಂದ ಇಳಿಯುವ ಎರಡು ಮೂಳೆಗಳ ತುದಿ ಎರಡೂ ಕಡೆ ಗಿಣ್ಣಾಗಿ ಉಬ್ಬಿರುತ್ತದಲ್ಲ, ಅವೆರಡರ ನಡುವೆ ಸಿಕ್ಕಿಕೊಂಡು, ಹಿಮ್ಮಡಿ ಮೂಳೆಯ ತಲೆಯ ಮೇಲೆ ಕೂತಿರುವುದು ಟೇಲಸ್. ಇದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿ, ಕೀಲಿನ ಮೇಲ್ಮೈ. ಹಾಗಾಗಿ ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಸುತ್ತಲಿನ ಮೂಳೆಗಳು ಸರಿದಂತೆ ಅದೂ ತಿರುಗುತ್ತದೆ, ಬಾಗುತ್ತದೆ, ಜಾರುತ್ತದೆ. ಪಾದದ ಓರೆಕೋರೆಗಳೆಲ್ಲ, ಚಪ್ಪಟೆ ಪಾದವಾಗಲಿ ನಿಮ್ಮ ಭಾವನವರ ತಿರುಚು ಪಾದವಾಗಲಿ, ಬಹುಪಾಲು ಈ ಟೇಲಸ್ ಸುತ್ತ ಉಳಿದ ಪಾದ ಎತ್ತ ಸರಿದಿದೆ ಎನ್ನುವುದರ ಕಥೆ.

ನಿಮ್ಮ ಪಾದದಲ್ಲೇ ನೋಡಿ. ಕುರ್ಚಿಯ ಮೇಲೆ ಕೂತು, ಒಳಬದಿಯ ಗಿಣ್ಣಿನ ಮೇಲೆ ಬೆರಳಿಡಿ. ಅಲ್ಲಿಂದ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಸವರುತ್ತಾ ಬಂದರೆ ಎರಡು ಬೆರಳಗಲ ದಾಟುವಷ್ಟರಲ್ಲಿ ಗಟ್ಟಿಯಾದ ಒಂದು ಉಬ್ಬು ಸಿಗುತ್ತದೆ. ಅದು ನೆವಿಕ್ಯುಲರ್ ಮೂಳೆ. ಟೇಲಸ್‌ನ ದುಂಡು ತಲೆ ಇದರ ಹಿಂಬದಿಯ ಗುಳಿಯಲ್ಲಿ ಕೂರುತ್ತದೆ. ಈಗ ಬೆರಳು ಅಲ್ಲೇ ಇಟ್ಟುಕೊಂಡು ಎದ್ದು ನಿಲ್ಲಿ. ಉಬ್ಬು ನೆಲದ ಕಡೆ ಒಂದಿಷ್ಟು ಇಳಿಯಿತು ಅಲ್ವಾ? ಎಲ್ಲರಿಗೂ ಇಳಿಯುತ್ತದೆ. ಇಳಿಯಲೇಬೇಕು, ಹೆಜ್ಜೆ ಊರಿದಾಗ ಏಟು ತಗ್ಗುವುದೇ ಹೀಗೆ. ಚಪ್ಪಟೆ ಪಾದದಲ್ಲಿ ಈ ಇಳಿತ ಜಾಸ್ತಿ. ಹಿಮ್ಮಡಿ ಹೊರಕ್ಕೆ ವಾಲುತ್ತದೆ, ಟೇಲಸ್ ತಲೆ ಒಳಕ್ಕೂ ಕೆಳಕ್ಕೂ ಬೀಳುತ್ತದೆ, ಪಾದದ ಮುಂಭಾಗ ಹೊರಕ್ಕೆ ತಿರುಗುತ್ತದೆ. ಮೂರೂ ಒಟ್ಟಿಗೇ ಆಗುವುದು. "ಗಿಣ್ಣು ಒಳಕ್ಕೆ ವಾಲುತ್ತದೆ" ಅಂತ ನೀವು ಬರೆದದ್ದು ಇದನ್ನೇ. ಅಂದ ಹಾಗೆ ಹಿಮ್ಮಡಿ ನಾಲ್ಕೈದು ಡಿಗ್ರಿ ಹೊರಕ್ಕೆ ವಾಲಿರುವುದು ಯಾರಿಗಾದರೂ ಸಹಜವೇ.

ಬಿದ್ದ ಕಮಾನನ್ನು ಮತ್ತೆ ಎತ್ತುವ ಏರ್ಪಾಡೂ ಪಾದದಲ್ಲೇ ಇದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಹಾದು ಹೋಗುತ್ತದೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಬೆರಳುಗಳು ಮೇಲಕ್ಕೆ ಮಡಚಿದಾಗ ಈ ಹೆದೆ ಬಿಗಿದು, ಎರಡು ತುದಿ ಹತ್ತಿರ ಬಂದು, ಕಮಾನು ಏಳುತ್ತದೆ. ನಾವು ಹೆಜ್ಜೆ ಮುಂದಿಡುವಾಗ ಹಿಮ್ಮಡಿ ಮೇಲೆದ್ದು ಬೆರಳು ಮಡಚಿದ ಕ್ಷಣದಲ್ಲಿ ಮೆತ್ತಗಿದ್ದ ಪಾದ ಗಟ್ಟಿಯಾಗಿ, ನೆಲವನ್ನು ಒದೆಯಲು ತಯಾರಾಗುತ್ತದೆ. ಜೊತೆಗೆ ಮೀನಖಂಡದ ಆಳದಿಂದ ಇಳಿದು, ಒಳಗಿಣ್ಣಿನ ಹಿಂದೆ ಸುತ್ತಿ ನೆವಿಕ್ಯುಲರ್‌ಗೆ ಕಟ್ಟಿಕೊಳ್ಳುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯು ಇದೆ, ಅದು ಹಿಮ್ಮಡಿಯನ್ನು ಒಳಕ್ಕೆ ಎಳೆಯುತ್ತದೆ. ನಲವತ್ತು ದಾಟಿದ ಹೆಂಗಸರಲ್ಲಿ, ಅದರಲ್ಲೂ ತೂಕ ಇರುವವರಲ್ಲಿ, ಈ ಸ್ನಾಯುವಿನ ನಾರು ಸವೆದು ಒಂದು ಪಾದ ನಿಧಾನವಾಗಿ ಚಪ್ಪಟೆ ಆಗುವುದುಂಟು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗುವುದಿಲ್ಲ, ಒಳಗಿಣ್ಣಿನ ಹಿಂದೆ ನೋಯುತ್ತದೆ. ಅದಕ್ಕೂ ಬೇಗ ತೋರಿಸಬೇಕು. ದೊಡ್ಡವರ ಪಾದ ಇದ್ದಕ್ಕಿದ್ದಂತೆ ಚಪ್ಪಟೆ ಆಯಿತು ಅಂದರೆ ಒಳಗೆ ಏನೋ ಹರಿದಿದೆ ಅಥವಾ ಮುರಿದಿದೆ.

ಮಗುವಿನ ಪಾದದಲ್ಲಿ ಏನೂ ಹರಿದಿಲ್ಲ, ಮುರಿದಿಲ್ಲ. ಕಮಾನು ಇನ್ನೂ ಪೂರ್ತಿ ಎದ್ದಿಲ್ಲ, ಅಷ್ಟೇ. ಗೋಕುಲಾಷ್ಟಮಿಗೆ ಪುಟ್ಟ ಮಕ್ಕಳ ಪಾದ ಅಕ್ಕಿಹಿಟ್ಟಿನಲ್ಲಿ ಅದ್ದಿ ಹೊಸಿಲಿಂದ ದೇವರಮನೆ ತನಕ ಹೆಜ್ಜೆ ಮೂಡಿಸುತ್ತೇವಲ್ಲ, ಎರಡು ವರ್ಷದ ಮಗುವಿನ ಆ ಹೆಜ್ಜೆ ನೋಡಿ, ಅಂಗಾಲು ಪೂರ್ತಿ ಮೂಡಿರುತ್ತದೆ. ಆ ವಯಸ್ಸಲ್ಲಿ ಕಮಾನಿನ ಜಾಗದಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಕಟ್ಟುನಾರುಗಳು ಸಡಿಲ, ಮೂಳೆಗಳೂ ಅರ್ಧ ಮೃದ್ವಸ್ಥಿಯೇ. ನೆವಿಕ್ಯುಲರ್ ಅಂತೂ ಹುಟ್ಟಿದಾಗ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಸುಮಾರು ಮೂರು ವರ್ಷದ ಹೊತ್ತಿಗೆ ಕಾಣಲು ಶುರುವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಆರರಿಂದ ಹತ್ತು ವರ್ಷದೊಳಗೆ ಕಮಾನು ತಾನಾಗಿ ಏಳುತ್ತದೆ. ಕೆಲವರಿಗೆ ಏಳುವುದೇ ಇಲ್ಲ, ಅವರೂ ದೊಡ್ಡವರಾಗಿ ಹೊಲದಲ್ಲಿ ದುಡಿಯುತ್ತಾರೆ, ಕಬಡ್ಡಿ ಆಡುತ್ತಾರೆ, ಯಾವ ತೊಂದರೆಯೂ ಇಲ್ಲ.

ಆಕಾರಕ್ಕಿಂತ ಮುಖ್ಯ ಪ್ರಶ್ನೆ ಬೇರೆ: ಆ ಪಾದ ಮೆತ್ತಗಿದೆಯಾ, ಬಿಗಿದುಕೊಂಡಿದೆಯಾ? ಇದನ್ನು ಮನೆಯಲ್ಲೇ ನೋಡಬಹುದು. ಮಗನನ್ನು ಚಡ್ಡಿಯಲ್ಲಿ ನಿಲ್ಲಿಸಿ, ನೀವು ಹಿಂದೆ ನೆಲದ ಮೇಲೆ ಕೂತು ಅವನ ಹಿಮ್ಮಡಿ ನೋಡಿ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಲು ಹೇಳಿ. ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಿ, ಎಲ್ಲೂ ಇಲ್ಲದ ಕಮಾನು ಕಣ್ಣೆದುರೇ ಎದ್ದು ನಿಂತರೆ ಅದು ಮೆತ್ತಗಿನ ಪಾದ. ಆಮೇಲೆ ಅವನು ಸರಿಯಾಗಿ ನಿಂತಿರುವಾಗ ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆತ್ತಿ. ನಾನು ಹೇಳಿದ ಹೆದೆ ಬಿಗಿದು ಕಮಾನು ಏಳಬೇಕು. ಕೊನೆಗೆ ಮಂಚದ ಮೇಲೆ ಮಲಗಿಸಿ, ಮಂಡಿ ನೇರ ಇಟ್ಟು, ಹಿಮ್ಮಡಿ ವಾಲದಂತೆ ಹಿಡಿದುಕೊಂಡು ಪಾದವನ್ನು ಮೊಣಕಾಲಿನ ಕಡೆ ಒತ್ತಿ. ಲಂಬಕ್ಕಿಂತ ಸ್ವಲ್ಪ ಮೇಲಕ್ಕೆ ಬಂದರೆ ಹಿಮ್ಮಡಿಯ ನಾರು ಬಿಗಿಯಾಗಿಲ್ಲ. ಮೂರೂ ಸರಿ ಇದ್ದು, ಮಗ ಓಡುತ್ತಾ ಕುಣಿಯುತ್ತಾ ಇದ್ದಾನೆ, ನೋವಿಲ್ಲ ಅಂದರೆ ಅವನಿಗೆ ಕಾಯಿಲೆ ಇಲ್ಲ. ಶೂ ಒಳಬದಿ ಸವೆಯುವುದು ಹಿಮ್ಮಡಿ ವಾಲುವುದರ ಗುರುತು, ಅದೇ ಒಂದು ರೋಗ ಅಲ್ಲ. ಸವೆದು ಪೂರ್ತಿ ವಾಲಿದ ಶೂ ಮಾತ್ರ ಬದಲಿಸಿ.

ಇನ್‌ಸೋಲ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೋವಿಲ್ಲದ ಮಗುವಿಗೆ ಬೇಡ. ಕಮಾನು ಬೆಳೆಸುವ ಶಕ್ತಿ ಅದಕ್ಕಿಲ್ಲ. 1989ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಒಂದರಿಂದ ಆರು ವರ್ಷದ ಮಕ್ಕಳಿಗೆ, ಕೆಲವರಿಗೆ ವಿಶೇಷ ಶೂ, ಕೆಲವರಿಗೆ ಹಿಮ್ಮಡಿ ಕೂರುವ ಬಟ್ಟಲಿನಂಥ ಶೂ ಒಳಮೆತ್ತೆ, ಕೆಲವರಿಗೆ ಅಳತೆಗೆ ಮಾಡಿಸಿದ ಇನ್‌ಸೋಲ್, ಇನ್ನು ಕೆಲವರಿಗೆ ಏನೂ ಇಲ್ಲ. ಮೂರು ವರ್ಷ ಕಳೆದ ಮೇಲೆ ಎಕ್ಸ್‌ರೇ ನೋಡಿದರೆ ಎಲ್ಲರ ಪಾದವೂ ಸುಧಾರಿಸಿತ್ತು, ಏನೂ ಹಾಕದವರದೂ ಅಷ್ಟೇ. ನಡೆದಾಗ ಪಾದ ನೋಯುವ ಮಗುವಿಗೆ ಮೆತ್ತನೆಯ ಇನ್‌ಸೋಲ್ ಆರಾಮ ಕೊಡುತ್ತದೆ, ಆಗ ಹಾಕಿಸುವುದರಲ್ಲಿ ಅರ್ಥವಿದೆ. ಅಂಗಡಿಯ ಸ್ಕ್ಯಾನರ್ ತೋರಿಸುವ ಕೆಂಪು ಹಳದಿ ಚಿತ್ರ ಅಂಗಾಲಿನ ಒತ್ತಡ ಎಲ್ಲಿ ಬೀಳುತ್ತದೆ ಅಂತ ಹೇಳುತ್ತದೆ, ಮೂಳೆ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆರು ವರ್ಷದ ಮಗುವಿನ ತಾಯಿಗೆ ಸೊಂಟ ಹಾಳಾಗುತ್ತದೆ ಅಂತ ಹೆದರಿಸಿ ಮಾರುವುದು ನನಗೆ ಸಿಟ್ಟು ತರಿಸುತ್ತದೆ.

ಶೂ ಬಗ್ಗೆ ನಮ್ಮ ಮಣಿಪಾಲದಿಂದಲೇ ಬಂದ ಒಂದು ಕೆಲಸ ಇಡೀ ಜಗತ್ತಿನ ಮೂಳೆ ಡಾಕ್ಟರುಗಳಿಗೆ ಗೊತ್ತು. ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಹೋದ್ಯೋಗಿ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಶೂ ಚಪ್ಪಲಿ ಹಾಕುವ ಮಕ್ಕಳಲ್ಲಿ ಶೇ. 8.6 ಜನರಿಗೆ ಚಪ್ಪಟೆ ಪಾದ, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಜಾಸ್ತಿ, ಚಪ್ಪಲಿ ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಮ್ಮಿ. ಹಾಗಂತ ನಾಳೆಯಿಂದ ಶೂ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಶಾಲೆಗೆ ಶೂ ಬೇಕು, ತೋಟ ಹೊಲದಲ್ಲಿ ಮುಳ್ಳು, ಹಾವು, ಕೊಕ್ಕೆಹುಳ ಇವೆ. ಮನೆ ಒಳಗೆ, ಅಂಗಳದಲ್ಲಿ, ಮರಳಿನ ಮೇಲೆ ಬರಿಗಾಲಲ್ಲಿ ಆಡಲಿ. ಶೂ ಕೊಳ್ಳುವಾಗ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ, ಮುಂಭಾಗ ಅಗಲವಾಗಿರಲಿ, ಅಟ್ಟೆ ಬೆರಳಿನ ಬುಡದಲ್ಲಿ ಸುಲಭವಾಗಿ ಬಾಗಲಿ. ಮುಂದಿನ ವರ್ಷಕ್ಕೂ ಬರಲಿ ಅಂತ ಎರಡು ಸೈಜ್ ದೊಡ್ಡದು ಬೇಡ, ಹಾಗೇ ಚಿಕ್ಕದಾದ ಶೂ ವರ್ಷ ಮುಗಿಯುವ ತನಕ ತುರುಕಿಸುವುದೂ ಬೇಡ.

ಮಿಲಿಟರಿ ಚಿಂತೆಯನ್ನು ಯಜಮಾನರು ಈಗಲೇ ಬಿಡಲಿ. ಸೇನಾಧಿಕಾರಿಗಳಾಗುವವರನ್ನು ಆರಿಸುವ ಎನ್‌ಡಿಎ ಪರೀಕ್ಷೆಯ ವೈದ್ಯಕೀಯ ನಿಯಮದಲ್ಲೇ ಇದು ಇದೆ: ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿಕೊಂಡು, ತುದಿಗಾಲಲ್ಲಿ ಕುಣಿದು ಓಡಲು ಬಂದು, ಪಾದ ಮೆತ್ತಗಿದ್ದು ನೋವಿಲ್ಲದಿದ್ದರೆ ಅಭ್ಯರ್ಥಿಯನ್ನು ಒಪ್ಪುತ್ತಾರೆ. ತಿರಸ್ಕರಿಸುವುದು ಬಿಗಿದುಕೊಂಡ ಪಾದವನ್ನು. ನಿಮ್ಮ ಮಗ ಈಗ ಮನೆಯಲ್ಲಿ ಮಾಡುವುದೂ ಹೆಚ್ಚುಕಮ್ಮಿ ಅದೇ ಪರೀಕ್ಷೆ.

ಯಾವಾಗ ಡಾಕ್ಟರಿಗೆ ತೋರಿಸಬೇಕು? ತುದಿಗಾಲಲ್ಲಿ ನಿಂತರೂ ಕಮಾನು ಏಳದಿದ್ದರೆ. ಒಂದೇ ಪಾದ ಚಪ್ಪಟೆ ಇದ್ದರೆ. ಆಟ ಬಿಟ್ಟು ಕೂತು ಪಾದ ಹಿಡಿದುಕೊಂಡರೆ. ಹಿಮ್ಮಡಿ ನಾರು ಬಿಗಿಯಾಗಿದ್ದರೆ, ಯಾಕೆಂದರೆ ಬಿಗಿ ನಾರಿನ ಚಪ್ಪಟೆ ಪಾದ ಮುಂದೆ ನೋಯುವ ಸಾಧ್ಯತೆ ಜಾಸ್ತಿ, ಅದಕ್ಕೆ ದಿನಾ ಎಳೆಯುವ ವ್ಯಾಯಾಮ ಬೇಕು. ಸುಮಾರು 9ರಿಂದ 14 ವರ್ಷದ ಹುಡುಗ ಹುಡುಗಿಯರು ಮತ್ತೆ ಮತ್ತೆ ಕಾಲು ಉಳುಕಿಸಿಕೊಂಡು, ಏರುತಗ್ಗಿನ ನೆಲದಲ್ಲಿ ನಡೆಯಲು ನೋವು ಅಂತ ಬಂದರೆ ನಾನು ಮೊದಲು ನೋಡುವುದು ಎರಡು ಮೂಳೆ ಅಂಟಿಕೊಂಡಿವೆಯಾ ಎಂಬುದನ್ನು. ಹಿಮ್ಮಡಿ ಮೂಳೆ ಮತ್ತು ನೆವಿಕ್ಯುಲರ್ ನಡುವೆ, ಅಥವಾ ಹಿಮ್ಮಡಿ ಮತ್ತು ಟೇಲಸ್ ನಡುವೆ ಹುಟ್ಟಿನಿಂದಲೇ ಒಂದು ಸೇತುವೆ ಇರುತ್ತದೆ. ಚಿಕ್ಕಂದಿನಲ್ಲಿ ಅದು ಮೆತ್ತಗಿದ್ದು ಈ ವಯಸ್ಸಲ್ಲಿ ಮೂಳೆಯಾಗಿ ಗಟ್ಟಿಯಾದಾಗ ಪಾದ ಬಿಗಿಯುತ್ತದೆ. ಪ್ಲಾಸ್ಟರ್‌ಗೆ ಕಡಿಮೆ ಆಗದಿದ್ದರೆ ಆಪರೇಷನ್ ಮಾಡಿ ಸೇತುವೆ ತೆಗೆಯುತ್ತಾರೆ.

ಎಕ್ಸ್‌ರೇ ಬರೆದುಕೊಟ್ಟರೆ ಒಂದು ಮಾತು ಕೇಳಿ: "ನಿಂತುಕೊಂಡು ತೆಗೆಯಬೇಕಾ?" ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಭಾರ ಬಿದ್ದಿರುವುದಿಲ್ಲ, ಎಷ್ಟೋ ಚಪ್ಪಟೆ ಪಾದ ಅದರಲ್ಲಿ ಚೆಂದವಾಗಿ ಕಾಣುತ್ತದೆ. ನಿಂತು ತೆಗೆದದ್ದರಲ್ಲಿ ಪಕ್ಕದಿಂದ ನೋಡಿ ಟೇಲಸ್ ನಡುವೆ ಒಂದು ಗೆರೆ, ಹೆಬ್ಬೆರಳ ಹಿಂದಿನ ಉದ್ದ ಮೂಳೆ ನಡುವೆ ಒಂದು ಗೆರೆ ಎಳೆಯುತ್ತೇವೆ. ದೊಡ್ಡವರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಸಾಲಲ್ಲಿ ಬರಬೇಕು. ಕೆಳಕ್ಕೆ ಮುರಿದರೆ ಚಪ್ಪಟೆ, ಮೇಲಕ್ಕೆ ಮುರಿದರೆ ಎತ್ತರದ ಕಮಾನು. ನಿಮ್ಮ ಅತ್ತೆಯವರ ವಿಷಯದಲ್ಲಿ ಮಾತ್ರ ನಿಲ್ಲಿಸಬೇಕೋ ಬೇಡವೋ ಡಾಕ್ಟರೇ ಹೇಳಲಿ.

ನಿಮ್ಮ ಹೆಬ್ಬೆರಳಿನದು ಚಿಕ್ಕ ಉತ್ತರ. ಉಬ್ಬಿರುವುದು ಹೊಸದಾಗಿ ಬೆಳೆದ ಮೂಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಬಹುಮಟ್ಟಿಗೆ ಅಲ್ಲ. ಹಿಂದಿನ ಉದ್ದ ಮೂಳೆ ಒಳಬದಿಗೆ ಸರಿದಿದೆ, ಬೆರಳು ಎರಡನೇ ಬೆರಳ ಕಡೆ ಓರೆಯಾಗಿದೆ, ನಡುವಿನ ಕೀಲಿನ ತಲೆ ಹೊರಗೆ ಕಾಣುತ್ತಿದೆ. ಓರೆ 15 ಡಿಗ್ರಿ ದಾಟಿದರೆ ಅದಕ್ಕೆ ನಾವು ಹ್ಯಾಲಕ್ಸ್ ವ್ಯಾಲ್ಗಸ್ ಅಂತ ಹೆಸರು ಕೊಡುತ್ತೇವೆ. ಇದರಲ್ಲಿ ಮನೆತನದ ಪಾಲೂ ಇದೆ, ಚೂಪು ಮೂತಿಯ ಶೂ ಪಾಲೂ ಇದೆ. 1958ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನೋಡಿದಾಗ ಶೂ ಹಾಕುವವರಲ್ಲಿ ಶೇ. 33 ಜನರಿಗೆ ಇದು ಇತ್ತು, ಬರಿಗಾಲಿನವರಲ್ಲಿ ಶೇ. 2 ಮಾತ್ರ. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು ಆರಾಮ ಕೊಡಬಹುದು, ಮೂಳೆ ನೇರ ಮಾಡುವುದಿಲ್ಲ. ಅಗಲ ಮುಂಭಾಗದ ಚಪ್ಪಲಿ ಹಾಕಿ. ನೋವಿಗೆ ಆಪರೇಷನ್ ಮಾಡಿಸಬಹುದು, ಚೆಂದಕ್ಕೆ ಬೇಡ.

ಮನೆತನದ ಪ್ರಶ್ನೆಗೆ ಬರುತ್ತೇನೆ. ಅತ್ತೆಯವರ ಕಾಲಿಗೆ ಮನೆತನ ಕಾರಣ ಅಲ್ಲ, ಶುಗರ್. ಮಗನ ಸಡಿಲ ಕಟ್ಟುನಾರು ನಿಮ್ಮಿಬ್ಬರಲ್ಲಿ ಒಬ್ಬರಿಂದ ಬಂದಿರಬಹುದು, ಕೈಯ ಹೆಬ್ಬೆರಳನ್ನು ಮಣಿಕಟ್ಟಿನ ಒಳಬದಿಯ ಕಡೆ ಮಡಚಿ ಮುಂಗೈಗೆ ತಾಗಿಸಲು ಬರುತ್ತದಾ ಅಂತ ನೀವೂ ಯಜಮಾನರೂ ನೋಡಿಕೊಳ್ಳಿ. ಮನೆತನದ್ದು ಅಂತ ನಾನು ನಿಜವಾಗಿ ಎಚ್ಚರ ಪಡುವುದು ಎತ್ತರದ ಕಮಾನಿಗೆ. ಚಪ್ಪಟೆ ಪಾದಕ್ಕೆ ಹೆದರುವ ಜನ ಎತ್ತರದ ಕಮಾನನ್ನು ಒಳ್ಳೆಯ ಲಕ್ಷಣ ಅಂದುಕೊಳ್ಳುತ್ತಾರೆ. ತಂದೆ, ಮಗಳು, ಸೋದರತ್ತೆ ಹೀಗೆ ಒಂದೇ ಮನೆತನದ ಹಲವರಿಗೆ ಕಮಾನು ಎತ್ತರ, ಬೆರಳು ಕೊಕ್ಕೆ, ಮೀನಖಂಡ ಸಣ್ಣ ಇದ್ದರೆ ಅದು ನರದ ಕಾಯಿಲೆ ಇರಬಹುದು. ಒಂದೇ ಪಾದದ ಕಮಾನು ಏರುತ್ತಾ ಹೋದರೆ ಬೆನ್ನುಹುರಿಯನ್ನೇ ಪರೀಕ್ಷೆ ಮಾಡಬೇಕಾಗುತ್ತದೆ.

ಭಾವನವರದು ತಿರುಚು ಪಾದ, ಕ್ಲಬ್ ಫೂಟ್. ಸಾವಿರ ಮಕ್ಕಳಿಗೆ ಒಂದೆರಡು, ಗಂಡುಮಕ್ಕಳಲ್ಲಿ ಹೆಚ್ಚುಕಮ್ಮಿ ಎರಡರಷ್ಟು. ಬಸುರಿಯಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಿದ್ದಕ್ಕೆ, ಏನೋ ಕತ್ತರಿಸಿದ್ದಕ್ಕೆ ಹೀಗಾಯಿತು ಅಂತ ಎಷ್ಟೋ ತಾಯಂದಿರನ್ನು ಇವತ್ತಿಗೂ ದೂರುತ್ತಾರೆ. ಗ್ರಹಣಕ್ಕೂ ಪಾದಕ್ಕೂ ಸಂಬಂಧವೇ ಇಲ್ಲ, ಆ ತಾಯಂದಿರು ಏನೂ ತಪ್ಪು ಮಾಡಿಲ್ಲ. ಇಲ್ಲಿ ಆಗಿರುವುದು ಚಪ್ಪಟೆ ಪಾದದ ತಿರುವುಮುರುವು: ನೆವಿಕ್ಯುಲರ್ ಟೇಲಸ್ ತಲೆಯಿಂದ ಒಳಕ್ಕೆ ಜಾರಿ ಒಳಗಿಣ್ಣಿಗೆ ತಾಗುವಷ್ಟು ಬಂದಿರುತ್ತದೆ, ಹಿಮ್ಮಡಿ ಒಳಕ್ಕೆ ಮಗುಚಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಹಿಂದೆ ಇದಕ್ಕೆ ದೊಡ್ಡ ಆಪರೇಷನ್ ಮಾಡುತ್ತಿದ್ದರು, ಪಾದ ನೇರ ಆದರೂ ದೊಡ್ಡವರಾಗುವಷ್ಟರಲ್ಲಿ ಗಟ್ಟಿಯಾಗಿ ನೋಯುತ್ತಿತ್ತು. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಇಗ್ನೇಷಿಯೋ ಪೊನ್ಸೆಟಿ ಕೈಯಿಂದಲೇ ಸರಿ ಮಾಡುವ ದಾರಿ ತೋರಿಸಿದರು. ಪಾದದ ಹೊರಬದಿಯಲ್ಲಿ ಟೇಲಸ್ ತಲೆಯನ್ನು ಹೆಬ್ಬೆರಳಿಂದ ಅಲ್ಲಾಡದಂತೆ ಒತ್ತಿ ಹಿಡಿದು, ಉಳಿದ ಪಾದವನ್ನು ಅದರ ಸುತ್ತ ನಿಧಾನವಾಗಿ ಹೊರಕ್ಕೆ ತಿರುಗಿಸುವುದು, ಬಂದಷ್ಟಕ್ಕೆ ಪ್ಲಾಸ್ಟರ್ ಹಾಕುವುದು, ವಾರ ಬಿಟ್ಟು ಇನ್ನಷ್ಟು. ಹಿಮ್ಮಡಿಯನ್ನು ಮುಟ್ಟುವುದೇ ಇಲ್ಲ, ಅದು ಹಿಂದೆಯೇ ತಾನಾಗಿ ತಿರುಗುತ್ತದೆ. ಐದಾರು ಪ್ಲಾಸ್ಟರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನಾರನ್ನು ಸಣ್ಣದಾಗಿ ಕತ್ತರಿಸಿ ಮೂರು ವಾರ ಕೊನೆಯ ಪ್ಲಾಸ್ಟರ್.

ಹುಟ್ಟಿದ ಮೊದಲ ವಾರಗಳಲ್ಲೇ ಶುರು ಮಾಡಿದರೆ ಸುಲಭ. ಪಾದ ನೇರ ಆಯಿತು ಅಂತ ಕೈಬಿಟ್ಟರೆ ಮತ್ತೆ ತಿರುಚಿಕೊಳ್ಳುತ್ತದೆ. ಒಂದು ಪಟ್ಟಿಗೆ ಎರಡು ಪುಟ್ಟ ಶೂ ಜೋಡಿಸಿದ ಬ್ರೇಸನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷದ ತನಕ ನಿದ್ದೆ ಹೊತ್ತಿಗೆ ಹಾಕಲೇಬೇಕು. ಮಗು ಅಳುತ್ತದೆ, ಅಜ್ಜಿ ತಾತ ಪಾಪ ಅಂತ ಬಿಚ್ಚುತ್ತಾರೆ, ಮರಳಿ ತಿರುಚುವುದು ಹೆಚ್ಚಾಗಿ ಹೀಗೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್ ಫೂಟ್ ಸೇರಿದೆ, ಚಿಕಿತ್ಸೆ ಉಚಿತ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ.

ಇನ್ನೊಂದು ಮಗುವಿಗೆ ಇದು ಅಡ್ಡಿ ಅಲ್ಲ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದರೆ ಸಾಧ್ಯತೆ ಏರುತ್ತದೆ, ದೊಡ್ಡಪ್ಪನಿಗೆ ಇದ್ದರೆ ಸ್ವಲ್ಪ ಮಾತ್ರ. ಐದನೇ ತಿಂಗಳ ಸ್ಕ್ಯಾನಿಂಗ್ ಮಾಡುವವರಿಗೆ ಭಾವನವರ ವಿಷಯ ಹೇಳಿ, ಪಾದ ಗಮನಿಸಿ ನೋಡುತ್ತಾರೆ. ಭಾವನವರು ನೋವಿಲ್ಲದೆ ದುಡಿಯುತ್ತಿದ್ದರೆ ಈಗ ಆಪರೇಷನ್ ಒತ್ತಾಯ ಬೇಡ. ಹೊರಪಾದದ ಮೇಲೆ ಭಾರ ಬಿದ್ದು ದಪ್ಪಗಟ್ಟಿದ ಚರ್ಮ ಒಡೆದು ಹುಣ್ಣಾಗುತ್ತಿದ್ದರೆ, ಅಥವಾ ಗಿಣ್ಣು ನೋಯುತ್ತಿದ್ದರೆ ಒಮ್ಮೆ ತೋರಿಸಲಿ. ಅವರ ವಯಸ್ಸಲ್ಲೂ ಕೀಲು ಬೆಸೆದು ಅಂಗಾಲು ನೆಲಕ್ಕೆ ಊರುವಂತೆ ಮಾಡಲು ಆಗುತ್ತದೆ. ಅದು ಬೇಡ ಅನಿಸಿದರೆ ಆ ಪಾದದ ಅಳತೆಗೇ ಹೊಲಿದ ಮೆತ್ತನೆಯ ಶೂ ಸಾಕು.